15 ಹೆಸರು, 200 ನಿಮಿಷ: ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡದ ರೋಸ್ಟರ್ ಓದುವುದು ಹೇಗೆ?

ಪ್ರಶ್ನೆ: ನಮ್ಮ ಮಗಳು ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಅವಳಿಂದಾಗಿ ಅಲ್ಲಿನ ಪುರುಷರ ಬ್ಯಾಸ್ಕೆಟ್‌ಬಾಲ್ ತಂಡದ ಪಂದ್ಯಗಳನ್ನು ನೋಡುವುದು ನಮಗೂ ಅಭ್ಯಾಸವಾಗಿದೆ. ಹೊಸ ಸೀಸನ್ನಿನ ರೋಸ್ಟರ್ (ಆಟಗಾರರ ಪಟ್ಟಿ) ಬಂದಿದೆ. ಒಟ್ಟು 15 ಹೆಸರು: ಕಳೆದ ವರ್ಷದವರು 6, ಬೇರೆ ಕಾಲೇಜುಗಳಿಂದ ಬಂದವರು 5, ಫ್ರೆಶ್‌ಮನ್‌ಗಳು (ಮೊದಲ ವರ್ಷದವರು) 4. ಬಂದವರಲ್ಲಿ 7 ಅಡಿ ಎತ್ತರದ ಒಬ್ಬ ಸೆಂಟರ್ (ಬುಟ್ಟಿಯ ಬಳಿ ಆಡುವವನು), ಚಿಕ್ಕ ಕಾನ್ಫರೆನ್ಸಿನಲ್ಲಿ (ಕಾಲೇಜುಗಳ ಲೀಗ್) ಪಂದ್ಯಕ್ಕೆ 18 ಪಾಯಿಂಟ್ ಹೊಡೆಯುತ್ತಿದ್ದ ಒಬ್ಬ ಗಾರ್ಡ್ (ಬುಟ್ಟಿಯಿಂದ ದೂರ ಚೆಂಡಾಡಿಸುವವನು), 42% ತ್ರೀ (ಗೆರೆಯ ಹೊರಗಿನ ಮೂರು ಪಾಯಿಂಟಿನ ಎಸೆತ) ಹಾಕಿದ ಒಬ್ಬ ಶೂಟರ್ ಇದ್ದಾರೆ. ಹೋದ ಸಲದ ಪಾಯಿಂಟ್ ಗಾರ್ಡ್ (ಚೆಂಡು ಒಯ್ದು ಆಟ ನಡೆಸುವವನು) ಪದವಿ ಮುಗಿಸಿ ಹೊರಟುಹೋದ. ತಂಡ ಸುಧಾರಿಸಿದೆಯೇ, ಕೆಟ್ಟಿದೆಯೇ? ದೇಶದ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಮಾರ್ಚ್ ಟೂರ್ನಿಗೆ ಹೋದೀತೇ? ಪಟ್ಟಿ ನೋಡಿ ಇದನ್ನೆಲ್ಲ ಹೇಗೆ ಹೇಳುವುದು?

ಉತ್ತರ: ನಿಮ್ಮ ಪತ್ರದ ದೊಡ್ಡ ಸುದ್ದಿ 7 ಅಡಿಯ ಸೆಂಟರ್ ಬಂದದ್ದಲ್ಲ, ಪಾಯಿಂಟ್ ಗಾರ್ಡ್ ಹೋದದ್ದು. ಅದಕ್ಕೆ ಆಮೇಲೆ ಬರುತ್ತೇನೆ. ಅದಕ್ಕೂ ಮೊದಲು ಹೆಸರುಗಳನ್ನು ಬದಿಗಿಟ್ಟು ನಿಮಿಷಗಳನ್ನು ಎಣಿಸಿ.

ಪುರುಷರ ಕಾಲೇಜು ಪಂದ್ಯವೆಂದರೆ 20 ನಿಮಿಷದ ಎರಡು ಅವಧಿ, ಒಟ್ಟು 40 ನಿಮಿಷ. ಅಂಕಣದಲ್ಲಿ ಐವರು. ಹಾಗಾಗಿ ಕೋಚ್ ಕೈಯಲ್ಲಿ ಹಂಚುವುದಕ್ಕೆ ಇರುವುದು 200 ನಿಮಿಷ, ಅಷ್ಟೇ. ರೋಸ್ಟರಿನಲ್ಲಿ ಎಷ್ಟೇ ಜನರಿದ್ದರೂ ಜನವರಿ ಹೊತ್ತಿಗೆ ಆ 200 ನಿಮಿಷ ಹೆಚ್ಚುಕಡಿಮೆ 8–9 ಜನರ ಪಾಲಾಗಿರುತ್ತದೆ. ಉಳಿದವರು ಅಭ್ಯಾಸದಲ್ಲಿ ಬೆವರು ಸುರಿಸುತ್ತಾರೆ, ಪಂದ್ಯದ ಹೊತ್ತಿನಲ್ಲಿ ಬೆಂಚಿನಿಂದ ಹುರಿದುಂಬಿಸುತ್ತಾರೆ. ಅವರಿಗೆ ಅವಮಾನವಾಗಲೆಂದು ಹೇಳುತ್ತಿಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಮೊದಲ ಒಂಬತ್ತು ಜನರಲ್ಲೇ ಇದೆ ಎಂಬುದಷ್ಟೇ ಮಾತು.

‘ಕಳೆದ ವರ್ಷದ 6 ಮಂದಿ ಉಳಿದಿದ್ದಾರೆ’ ಎಂಬುದರಿಂದ ಏನೂ ಗೊತ್ತಾಗುವುದಿಲ್ಲ. ಆ ಆರು ಜನ ಎಷ್ಟು ನಿಮಿಷ ಆಡಿದ್ದರು ಎಂಬುದರಿಂದ ಬಹಳಷ್ಟು ಗೊತ್ತಾಗುತ್ತದೆ. ತಂಡ 34 ಪಂದ್ಯ ಆಡಿದ್ದರೆ ಒಟ್ಟು 34 × 200 = 6,800 ನಿಮಿಷ. ಓವರ್‌ಟೈಮ್ ಆಡಿದ್ದರೆ ಪ್ರತಿಯೊಂದಕ್ಕೂ 25 ನಿಮಿಷ ಸೇರಿಸಿ. ಈಗ ಉಳಿದ ಆರೂ ಜನರ ಇಡೀ ಸೀಸನ್ನಿನ ನಿಮಿಷಗಳನ್ನು ಕೂಡಿ, 6,800ರಿಂದ ಭಾಗಿಸಿ. ಇಲ್ಲಿ ಪಂದ್ಯದ ಸರಾಸರಿ ತೆಗೆದುಕೊಂಡರೆ ಮೋಸಹೋಗುತ್ತೀರಿ. ಗಾಯವಾಗಿ 10 ಪಂದ್ಯ ಮಾತ್ರ ಆಡಿದವನ ಸರಾಸರಿಯೂ 28 ನಿಮಿಷ ಎಂದು ತೋರಿಸಬಹುದು, ಆದರೆ ಅವನ ಪಾಲು ಬರೀ 280 ನಿಮಿಷ. 34 ಪಂದ್ಯದಲ್ಲೂ 30 ನಿಮಿಷ ಆಡಿದವನದ್ದು 1,020, ಅಂದರೆ ತಂಡದ ಒಟ್ಟು ನಿಮಿಷಗಳಲ್ಲಿ 15%. ಆರು ಜನರದ್ದೂ ಕೂಡಿ ಅರ್ಧಕ್ಕಿಂತ ಹೆಚ್ಚು ಬಂದರೆ ಈ ಕಾಲದಲ್ಲಿ ಅದು ಗಟ್ಟಿ ತಂಡ. ಕಾಲು ಭಾಗಕ್ಕಿಂತ ಕಡಿಮೆ ಬಂದರೆ ಅಂಗಿ ಮಾತ್ರ ಹಳೆಯದು, ತಂಡ ಹೊಸದು.

‘ಈ ಕಾಲದಲ್ಲಿ’ ಎಂದದ್ದಕ್ಕೆ ಕಾರಣವಿದೆ. ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ದಾಖಲಿಸುವ ಟ್ರಾನ್ಸ್‌ಫರ್ ಪೋರ್ಟಲ್ ಶುರುವಾದದ್ದು 2018ರ ಅಕ್ಟೋಬರಿನಲ್ಲಿ. 2021ರಿಂದ ಒಂದು ಸಲ ಕಾಲೇಜು ಬದಲಿಸಿದವನು ಒಂದು ವರ್ಷ ಕಾಯಬೇಕಾದ ಕಟ್ಟಳೆ ಹೋಯಿತು. 2024ರ ಹೊತ್ತಿಗೆ, ಓದಿನಲ್ಲಿ ಅರ್ಹತೆ ಉಳಿಸಿಕೊಂಡವರು ಎಷ್ಟು ಸಲ ಬೇಕಾದರೂ ಬದಲಿಸಬಹುದು ಎಂದಾಯಿತು. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಲು ಕೊಟ್ಟು ಹಣ ಗಳಿಸಬಹುದು. 2025ರ ಜೂನಿನಲ್ಲಿ ಕೋರ್ಟ್ ಒಪ್ಪಿದ ‘ಹೌಸ್’ ಎಂಬ ಮೊಕದ್ದಮೆಯ ಒಪ್ಪಂದದ ನಂತರ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ಮೊದಲ ವರ್ಷಕ್ಕೆ ಎಲ್ಲ ಕ್ರೀಡೆಗಳಿಗೂ ಸೇರಿ ಒಂದು ಕಾಲೇಜಿನ ಮಿತಿ ಸುಮಾರು 2.05 ಕೋಟಿ ಡಾಲರ್. ಅದೇ ಒಪ್ಪಂದದಿಂದ, ಮೊದಲು 13 ಸ್ಕಾಲರ್‌ಶಿಪ್ ಎಂದಿದ್ದ ಮಿತಿಯ ಜಾಗದಲ್ಲಿ, ಒಪ್ಪಂದಕ್ಕೆ ಸೇರಿದ ಕಾಲೇಜುಗಳಿಗೆ 15 ಆಟಗಾರರ ರೋಸ್ಟರ್ ಮಿತಿ ಬಂತು. ನಿಮ್ಮ ಪಟ್ಟಿಯಲ್ಲಿ ಸರಿಯಾಗಿ 15 ಹೆಸರು ಇರುವುದಕ್ಕೂ ಬಹುಶಃ ಇದೇ ಕಾರಣ. 5 ಮಂದಿ ಹೊರಗಿನಿಂದ ಬಂದಿದ್ದಾರೆಂದರೆ ಈಗ ಅದು ಗಾಬರಿಯ ಸಂಗತಿಯಲ್ಲ.

ಹೆಸರಿನ ಪಕ್ಕದ ತರಗತಿಯನ್ನೂ ನೋಡಿ. ಫ್ರೆಶ್‌ಮನ್, ಸೊಫೊಮೋರ್, ಜೂನಿಯರ್, ಸೀನಿಯರ್ ಎಂದರೆ ಕ್ರಮವಾಗಿ ಒಂದರಿಂದ ನಾಲ್ಕನೇ ವರ್ಷ. ಮುಂದೆ ‘ರೆಡ್‌ಶರ್ಟ್’ ಎಂದಿದ್ದರೆ ಒಂದು ವರ್ಷ ಪಂದ್ಯಕ್ಕಿಳಿಯದೆ ಅಭ್ಯಾಸ ಮಾಡಿದ್ದಾನೆ, ಆ ವರ್ಷ ಅವನ ಖಾತೆಯಲ್ಲಿ ಉಳಿದಿದೆ ಎಂದರ್ಥ. ರೆಡ್‌ಶರ್ಟ್ ಫ್ರೆಶ್‌ಮನ್ ಕಾಗದದ ಮೇಲಷ್ಟೇ ಹೊಸಬ. ಕೋಚ್ ಕರೆಯುವ ಆಟದ ಹೆಸರುಗಳು, ರಕ್ಷಣೆಯ ಸೂಚನೆಗಳು ಎಲ್ಲ ಅವನಿಗೆ ಬಾಯಿಪಾಠವಾಗಿರುತ್ತವೆ. ನಿಮ್ಮ ನಾಲ್ವರಲ್ಲಿ ಅಂಥವನಿದ್ದಾನೋ ನೋಡಿಕೊಳ್ಳಿ.

ಚೆಂಡು ಯಾರ ಕೈಯಲ್ಲಿ?

ಈಗ ಪಾಯಿಂಟ್ ಗಾರ್ಡ್ ವಿಷಯ. ಶಾಟ್ ಕ್ಲಾಕ್, ಅಂದರೆ ಎಸೆಯುವುದಕ್ಕೆ ಇರುವ ಸಮಯ, 30 ಸೆಕೆಂಡ್. ಅದರಲ್ಲಿ ಮೊದಲ 10 ಸೆಕೆಂಡಿನೊಳಗೆ ಚೆಂಡು ಅರ್ಧ ಅಂಕಣ ದಾಟಬೇಕು. ಎದುರಾಳಿ ಇಡೀ ಅಂಕಣದಲ್ಲಿ ಒತ್ತಡ ಹಾಕಿದಾಗ ಚೆಂಡನ್ನು ಮೇಲೆ ತರುವವನು, ಪಿಕ್ ಅಂಡ್ ರೋಲ್‌ನಲ್ಲಿ (ಜೊತೆಗಾರ ರಕ್ಷಕನಿಗೆ ಅಡ್ಡ ನಿಂತು ದಾರಿ ಮಾಡಿಕೊಡುವ ಆಟ) ಎರಡನೇ ರಕ್ಷಕ ತನ್ನ ಮೇಲೆ ಬಿದ್ದಾಗ ಅರ್ಧ ಸೆಕೆಂಡಿನಲ್ಲಿ ಪಾಸ್ ಮಾಡುವವನು ಬೇಕು. ಅವನಿಲ್ಲದಿದ್ದರೆ ಶೂಟರಿಗೆ ಚೆಂಡು ಮೊಣಕಾಲ ಹತ್ತಿರ ಬರುತ್ತದೆ, ಸೆಂಟರಿಗೆ ಬರುವ ಹೊತ್ತಿಗೆ ತಡವಾಗಿರುತ್ತದೆ, 42% ತ್ರೀ 34ಕ್ಕೆ ಇಳಿಯುತ್ತದೆ. ಶೂಟರ್ ಕೆಟ್ಟ ಎಂದು ಪ್ರೇಕ್ಷಕರು ಬೈಯುತ್ತಾರೆ, ಕೆಟ್ಟಿರುವುದು ಪಾಸ್.

ಲೆಕ್ಕದಲ್ಲಿ ಹೇಳಬೇಕೆಂದರೆ, ಚೆಂಡು ಒಂದು ತಂಡದ ಕೈಗೆ ಬಂದು ಎದುರಾಳಿಗೆ ಹೋಗುವವರೆಗಿನದನ್ನು ಒಂದು ಸರದಿ ಎನ್ನೋಣ. ಸರದಿಗಳನ್ನು ಅಂದಾಜು ಮಾಡಲು ಕಾಲೇಜು ಆಟದಲ್ಲಿ ಬಳಸುವ ಸೂತ್ರ ಸುಲಭ: ಎಸೆತಗಳು, ಕಳೆ ಆಕ್ರಮಣದ ರೀಬೌಂಡ್‌ಗಳು (ತಮ್ಮದೇ ತಪ್ಪಿದ ಎಸೆತವನ್ನು ಮತ್ತೆ ಹಿಡಿದದ್ದು), ಕೂಡು ಟರ್ನೋವರ್‌ಗಳು (ಎಸೆಯದೆ ಚೆಂಡು ಕಳೆದುಕೊಂಡದ್ದು), ಕೂಡು ಫ್ರೀ ಥ್ರೋಗಳ (ಫೌಲಿಗೆ ಸಿಗುವ, ತಡೆಯಿಲ್ಲದ ಎಸೆತ) 0.475 ಪಾಲು. ಒಂದು ಪಂದ್ಯದಲ್ಲಿ 60 ಎಸೆತ, 10 ಆಕ್ರಮಣದ ರೀಬೌಂಡ್, 12 ಟರ್ನೋವರ್, 20 ಫ್ರೀ ಥ್ರೋ ಇದ್ದರೆ 60 − 10 + 12 + 9.5 = 71.5 ಸರದಿ. 75 ಪಾಯಿಂಟ್ ಬಂದಿದ್ದರೆ ಸರದಿಗೆ 1.05. ಟರ್ನೋವರ್ 12ರಿಂದ 16ಕ್ಕೆ ಏರಿತೆಂದರೆ ನಾಲ್ಕು ಸರದಿಗಳು ಎಸೆತವೇ ಇಲ್ಲದೆ ಹೋದವು, ಅಂದರೆ ನಾಲ್ಕು ಪಾಯಿಂಟ್ ಹೋಯಿತು. ಅದರಲ್ಲಿ ಎರಡು ನೇರ ಎದುರಾಳಿಯ ಓಟಕ್ಕೆ ಸಿಕ್ಕರೆ ಇನ್ನೂ ಎರಡು ಲೇಅಪ್ (ಬುಟ್ಟಿಯ ಬುಡದ ಸುಲಭ ಎಸೆತ). ಆರೇಳು ಪಾಯಿಂಟಿನಲ್ಲಿ ಗೆಲ್ಲಬೇಕಿದ್ದ ಪಂದ್ಯ ಅಲ್ಲಿಗೇ ಕೈತಪ್ಪುತ್ತದೆ.

ಪರ್ಡ್ಯೂ ತಂಡದ ಎರಡು ವರ್ಷ ಇದಕ್ಕೆ ಒಳ್ಳೆಯ ಸಾಕ್ಷಿ. 2023ರಲ್ಲಿ ಅವರು ಟೂರ್ನಿಯ 1ನೇ ಸೀಡ್ (ತಮ್ಮ ಗುಂಪಿನ ಅಗ್ರ ಶ್ರೇಯಾಂಕ; ಕೊನೆಯದು 16). 7 ಅಡಿ 4 ಅಂಗುಲದ ಜ್ಯಾಕ್ ಈಡಿ ದೇಶದಲ್ಲೇ ಅತ್ಯುತ್ತಮ ಸೆಂಟರ್. ಗಾರ್ಡ್‌ಗಳಾದ ಬ್ರೇಡನ್ ಸ್ಮಿತ್ ಮತ್ತು ಫ್ಲೆಚರ್ ಲಾಯರ್ ಇಬ್ಬರೂ ಫ್ರೆಶ್‌ಮನ್‌ಗಳು. ಮೊದಲ ಸುತ್ತಿನಲ್ಲೇ 16ನೇ ಸೀಡ್ ಫೇರ್ಲಿ ಡಿಕಿನ್ಸನ್ ಎದುರು 63–58ರಿಂದ ಸೋತರು. ಎದುರಾಳಿಗಳು ಕುಳ್ಳರು, ಆದರೆ ಚುರುಕು. ಗಾರ್ಡ್‌ಗಳನ್ನು ಕಾಡಿದರು, ಈಡಿಯ ಹಿಂದೆ ಮುಂದೆ ಜನ ನಿಲ್ಲಿಸಿದರು. ಪರ್ಡ್ಯೂ 26 ತ್ರೀ ಎಸೆದು 5 ಮಾತ್ರ ಹಾಕಿತು, 16 ಸಲ ಚೆಂಡು ಕಳೆದುಕೊಂಡಿತು. ಮರುವರ್ಷ ಅದೇ ಈಡಿ, ಅದೇ ಸ್ಮಿತ್, ಅದೇ ಲಾಯರ್. ಹೊರಗಿನಿಂದ ಬಂದದ್ದು ಮುಖ್ಯವಾಗಿ ಒಬ್ಬನೇ, ಸದರ್ನ್ ಇಲಿನಾಯ್‌ನ ಅನುಭವಿ ಗಾರ್ಡ್ ಲ್ಯಾನ್ಸ್ ಜೋನ್ಸ್. ಒತ್ತಡ ಬಂದಾಗ ಚೆಂಡು ಹಿಡಿಯುವ ಮೂರನೇ ಕೈ ಸಿಕ್ಕಿತು, ಮಿಕ್ಕವರು ಒಂದು ವರ್ಷ ಬಲಿತರು, ತಂಡ 2024ರ ಫೈನಲ್ ತಲುಪಿತು. ಫೈನಲ್‌ನಲ್ಲಿ ಕನೆಕ್ಟಿಕಟ್ ಪಾಠವನ್ನು ಮತ್ತೊಂದು ತುದಿಯಿಂದ ಕಲಿಸಿತು. ಈಡಿಗೆ ಬಹುಮಟ್ಟಿಗೆ ಒಬ್ಬನೇ ರಕ್ಷಕನನ್ನು ಬಿಟ್ಟು, ಶೂಟರ್‌ಗಳನ್ನು ಗೆರೆಯಿಂದ ಓಡಿಸಿದರು. ಈಡಿ 37 ಪಾಯಿಂಟ್ ಹೊಡೆದ. ಇಡೀ ತಂಡಕ್ಕೆ ಸಿಕ್ಕ ತ್ರೀ ಎಸೆತ 7, ಹಾಕಿದ್ದು 1. ಫಲಿತಾಂಶ 75–60.

ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಹುಡುಕಬೇಕಾದ್ದು ಒಬ್ಬ ಪಾಯಿಂಟ್ ಗಾರ್ಡ್ ಅಲ್ಲ, ಒಂದೂವರೆ. ಮುಖ್ಯ ಗಾರ್ಡ್ 32 ನಿಮಿಷ ಆಡಿದರೆ ಉಳಿದ 8 ನಿಮಿಷ ಚೆಂಡು ಯಾರ ಬಳಿ ಇರುತ್ತದೆ? ಅವನಿಗೆ ಮೊದಲಾರ್ಧದಲ್ಲೇ ಎರಡು ಫೌಲ್ ಆದರೆ? ಪ್ರತಿ ಟರ್ನೋವರಿಗೆ ಎರಡು ಅಸಿಸ್ಟ್ (ಬುಟ್ಟಿಗೆ ದಾರಿಯಾದ ಪಾಸ್) ಇರುವವನು ವಿಶ್ವಾಸಾರ್ಹ. ಒಂದಕ್ಕೊಂದು ಇರುವವನನ್ನು ಪಾಯಿಂಟ್ ಗಾರ್ಡ್ ಎಂದು ಪಟ್ಟಿಯಲ್ಲಿ ಬರೆದಿದ್ದರೂ ನಂಬಬೇಡಿ. ಕೋಚ್ ಈ ಜಾಗವನ್ನು ಫ್ರೆಶ್‌ಮನ್ ಕೈಗೆ ಕೊಡುವ ಯೋಚನೆಯಲ್ಲಿದ್ದರೆ ನವೆಂಬರ್, ಡಿಸೆಂಬರಿನಲ್ಲಿ ಎರಡು ಮೂರು ಸೋಲನ್ನು ಈಗಲೇ ಬರೆದಿಟ್ಟುಕೊಳ್ಳಿ.

18 ಪಾಯಿಂಟಿನ ಗಾರ್ಡ್, 42% ಶೂಟರ್

18 ಪಾಯಿಂಟ್ ಎನ್ನುವುದು ಅರ್ಧ ವಾಕ್ಯ. ಎಷ್ಟು ಎಸೆತದಲ್ಲಿ ಎಂದು ಕೇಳಿದರೆ ವಾಕ್ಯ ಪೂರ್ತಿಯಾಗುತ್ತದೆ. ಉದಾಹರಣೆಗೆ, ಅವನು ಪಂದ್ಯಕ್ಕೆ 15 ಎಸೆತ, 6 ಫ್ರೀ ಥ್ರೋ ತೆಗೆದುಕೊಂಡು 3 ಟರ್ನೋವರ್ ಮಾಡುತ್ತಿದ್ದನೆಂದುಕೊಳ್ಳಿ. ಅದೇ ಸೂತ್ರದಲ್ಲಿ 15 + 2.85 + 3, ಹತ್ತಿರ ಹತ್ತಿರ 21 ಸರದಿ ಖರ್ಚು. 21ರಲ್ಲಿ 18 ಪಾಯಿಂಟ್ ಎಂದರೆ ಸರದಿಗೆ 0.86. ಅವನು ಕೊಟ್ಟ ಪಾಸುಗಳ ಲಾಭ ಈ ಲೆಕ್ಕದಲ್ಲಿಲ್ಲ, ನಿಜ. ಆದರೂ 1.05 ತೆಗೆಯುವ ತಂಡಕ್ಕೆ ಇದು ಹೆಮ್ಮೆಪಡುವಂಥ ಸಂಖ್ಯೆಯಲ್ಲ. ಅದೇ 18 ಪಾಯಿಂಟ್ 11 ಎಸೆತದಲ್ಲಿ ಬಂದಿದ್ದರೆ ಕೋಚ್ ಚಿನ್ನವನ್ನೇ ತಂದಿದ್ದಾರೆ.

ಇದಕ್ಕಿಂತ ದೊಡ್ಡ ತೊಂದರೆ ಬೆರೆಸುವುದರಲ್ಲಿ ಬರುತ್ತದೆ. ಅಂಕಣದಲ್ಲಿರುವ ಐವರೂ ತಂಡದ ಸರದಿಗಳನ್ನು ಸಮನಾಗಿ ಮುಗಿಸಿದರೆ ತಲಾ 20%. ಚಿಕ್ಕ ಕಾನ್ಫರೆನ್ಸಿನ ನಾಯಕ ಆಟಗಾರರು 28–30% ಮುಗಿಸಿ ರೂಢಿಯಾದವರು. ಅಂಥ ಮೂವರನ್ನು ಒಂದೆಡೆ ಹಾಕಿದರೆ ಅವರಿಗೇ 85% ಬೇಕು. ಉಳಿದ ಇಬ್ಬರು 15%ರಲ್ಲಿ ಬದುಕಬೇಕು. ಹಾಗೆ ನಡೆಯುವುದಿಲ್ಲ. ಯಾರೋ ಇಬ್ಬರು ಕಡಿಮೆ ಮಾಡಿಕೊಳ್ಳಬೇಕು, ಚೆಂಡಿಲ್ಲದೆ ಓಡುವುದನ್ನು ಕಲಿಯಬೇಕು. ಇದು ತಿಂಗಳುಗಟ್ಟಲೆ ಹಿಡಿಯುವ ಕೆಲಸ, ಕೆಲವರಿಗೆ ಆಗುವುದೇ ಇಲ್ಲ. ಇದರ ಒಳ್ಳೆಯ ಮುಖವೂ ಇದೆ: 15 ಎಸೆತದ ಹೊರೆ 10ಕ್ಕೆ ಇಳಿದಾಗ, ಬಿಡುವುದು ಕೆಟ್ಟ ಐದು ಎಸೆತಗಳನ್ನೇ ಆದರೆ, ಆ ಹುಡುಗನ ಸರಾಸರಿ 18ರಿಂದ 12ಕ್ಕೆ ಇಳಿದರೂ ತಂಡ ಮೇಲೇರುತ್ತದೆ. ನವೆಂಬರಿನಲ್ಲಿ ಅವನ ಪಾಯಿಂಟ್ ಕಡಿಮೆಯಾಯಿತೆಂದು ಬೇಸರಪಡಬೇಡಿ.

ಶೂಟರ್ ವಿಷಯದಲ್ಲಿ ನಿಮಗೆ ಬೇಕಾದ್ದು ಶೇಕಡಾವಾರಿನ ಹಿಂದಿರುವ ಎಸೆತಗಳ ಸಂಖ್ಯೆ. 100 ಎಸೆತದಲ್ಲಿ 42 ಬಿದ್ದಿದ್ದರೆ, ಬರೀ ಅದೃಷ್ಟದ ಏರಿಳಿತವೇ ಆಚೀಚೆ 5%. ಅವನ ನಿಜವಾದ ಕೈ 37% ಇರಬಹುದು. ದೇಶದ ಸರಾಸರಿ 34%ರ ಸುತ್ತ ಇರುವುದರಿಂದ, ಎತ್ತರದ ಸಂಖ್ಯೆ ಮರುವರ್ಷ ಇಳಿಯುವ ಸಂಭವವೇ ಹೆಚ್ಚು. ಇನ್ನೊಂದು ರೀತಿ ನೋಡಿ: 200 ಎಸೆತದಲ್ಲಿ 38% ಎಂದರೆ 76 ಬುಟ್ಟಿ, 34% ಎಂದರೆ 68. ಎಲ್ಲರೂ ಹೊಗಳುವ ಶೂಟರಿಗೂ ಸಾಧಾರಣ ಶೂಟರಿಗೂ ಇಡೀ ಸೀಸನ್ನಿನಲ್ಲಿ ವ್ಯತ್ಯಾಸ 8 ಎಸೆತ, 24 ಪಾಯಿಂಟ್. ಎಂಟು ಚೆಂಡು ರಿಮ್ಮಿನ ಒಳಗೆ ಉರುಳಿದವೋ ಹೊರಗೋ, ಅಷ್ಟೇ. ಹಾಗಾಗಿ ತ್ರೀ ಶೇಕಡಾವಾರಿಗಿಂತ ಎರಡು ಬೇರೆ ಸಂಖ್ಯೆಗಳನ್ನು ನಾನು ಹೆಚ್ಚು ನಂಬುತ್ತೇನೆ. ಒಂದು ಫ್ರೀ ಥ್ರೋ: ಅಲ್ಲಿ ರಕ್ಷಕನಿಲ್ಲ, ದೂರ ಬದಲಾಗುವುದಿಲ್ಲ, 15 ಅಡಿ. 85% ಹಾಕುವವನ ಕೈ ಒಳ್ಳೆಯದು, 65% ಹಾಕುವವನ 42% ತ್ರೀ ಬಗ್ಗೆ ಅನುಮಾನವಿರಲಿ. ಎರಡನೆಯದು ಅವನು ಪಂದ್ಯಕ್ಕೆ ಎಷ್ಟು ತ್ರೀ ಎಸೆಯಲು ಧೈರ್ಯಮಾಡಿದ ಎಂಬುದು. ಆರು ಎಸೆಯುವವನ ಮೇಲೆ ರಕ್ಷಕ ಅಂಟಿಕೊಂಡೇ ಇರಬೇಕು, ಅದರಿಂದ ಒಳಗೆ ಜಾಗ ಆಗುತ್ತದೆ. ಪಂದ್ಯಕ್ಕೆ ಎರಡೇ ಎಸೆಯುವವನು ಎಷ್ಟು ಶೇಕಡಾ ಹಾಕಿದರೂ ಎದುರಾಳಿ ಅವನನ್ನು ಬಿಟ್ಟು ನಿಮ್ಮ ಸೆಂಟರ್ ಮೇಲೆ ಬೀಳುತ್ತಾನೆ.

ಇದನ್ನೆಲ್ಲ ಕಡೆಗಣಿಸಿ ಎಲ್ಲರೂ ಎಡವಿದ್ದು 2022–23ರ ನಾರ್ತ್ ಕ್ಯಾರೊಲೈನಾ ವಿಷಯದಲ್ಲಿ. ಹಿಂದಿನ ಏಪ್ರಿಲಿನಲ್ಲಿ ಅವರು ಫೈನಲ್‌ನಲ್ಲಿ ಕ್ಯಾನ್ಸಸ್ ಎದುರು 72–69ರಿಂದ ಸೋತಿದ್ದರು. ಮೊದಲ ಐವರಲ್ಲಿ ನಾಲ್ವರು ಮರಳಿದರು: ಅರ್ಮಾಂಡೊ ಬೇಕಾಟ್, ಆರ್.ಜೆ. ಡೇವಿಸ್, ಕೇಲಬ್ ಲವ್, ಲೀಕಿ ಬ್ಲ್ಯಾಕ್. ನಿಮಿಷಗಳ ಲೆಕ್ಕದಲ್ಲಿ ಇದಕ್ಕಿಂತ ಭದ್ರ ತಂಡ ಬೇಕಿಲ್ಲ. ಸೀಸನ್ನಿಗೆ ಮೊದಲು ದೇಶದಲ್ಲಿ 1ನೇ ಸ್ಥಾನ ಕೊಟ್ಟರು. ಹೋದವನು ಒಬ್ಬ, ಬ್ರೇಡಿ ಮ್ಯಾನೆಕ್: ಎತ್ತರದ ಫಾರ್ವರ್ಡ್, ತ್ರೀ 40%, ಅದೂ ಕೈಬಿಚ್ಚಿ ಎಸೆದು. ಅವನ ಜಾಗಕ್ಕೆ ನಾರ್ತ್‌ವೆಸ್ಟರ್ನ್‌ನಿಂದ ಪೀಟ್ ನ್ಯಾನ್ಸ್ ಬಂದ. ಹಿಂದಿನ ವರ್ಷ ಅವನದು 45%, ಆದರೆ ನೂರರ ಆಸುಪಾಸಿನ ಎಸೆತಗಳಲ್ಲಿ. ಹೊಸ ಅಂಗಿಯಲ್ಲಿ ಅದು ಮೂರನೇ ಒಂದರ ಸುತ್ತ ಬಂದು ನಿಂತಿತು. ಇಡೀ ತಂಡದ ತ್ರೀ 31%ರ ಆಸುಪಾಸಿಗೆ ಕುಸಿಯಿತು, ಬೇಕಾಟ್ ಸುತ್ತ ಗೋಡೆ ಕಟ್ಟಿದಂತೆ ರಕ್ಷಕರು ನಿಂತರು, ತಂಡ 20 ಗೆಲುವು, 13 ಸೋಲಿನಲ್ಲಿ ಮುಗಿಸಿ ಟೂರ್ನಿಗೇ ಹೋಗಲಿಲ್ಲ. 1985ರಲ್ಲಿ ಟೂರ್ನಿ 64 ತಂಡಗಳಿಗೆ ಬೆಳೆದ ಮೇಲೆ, ಸೀಸನ್ನಿಗೆ ಮುಂಚೆ 1ನೇ ಸ್ಥಾನದಲ್ಲಿದ್ದ ತಂಡಕ್ಕೆ ಹೀಗಾದದ್ದು ಅದೇ ಮೊದಲು. ನಾಲ್ವರು ಉಳಿದದ್ದನ್ನು ಎಲ್ಲರೂ ಎಣಿಸಿದರು. ಐದನೆಯವನು ಉಳಿದ ನಾಲ್ವರಿಗೆ ಏನು ಮಾಡಿಕೊಡುತ್ತಿದ್ದ ಎಂದು ಕೇಳಿದವರು ಕಡಿಮೆ.

7 ಅಡಿ

ಎತ್ತರವನ್ನು ಕಲಿಸಲು ಆಗುವುದಿಲ್ಲ, ಹಾಗಾಗಿ ನಿಮ್ಮ ಸಂತೋಷ ಸಕಾರಣವೇ. ಆದರೆ ಅವನ ಹಳೆಯ ಅಂಕಿಅಂಶದಲ್ಲಿ ನೀವು ಮೊದಲು ನೋಡಬೇಕಾದ್ದು ಪಾಯಿಂಟ್ ಅಲ್ಲ, ಫೌಲ್. ಐದು ಫೌಲಿಗೆ ಆಟ ಮುಗಿಯುತ್ತದೆ. ಅವನು ಪಂದ್ಯಕ್ಕೆ 12 ನಿಮಿಷ ಆಡಿ 2.2 ಫೌಲ್ ಮಾಡುತ್ತಿದ್ದನೆಂದುಕೊಳ್ಳಿ. ನೋಡಲು ಚಿಕ್ಕ ಸಂಖ್ಯೆ. ಅದೇ ವೇಗದಲ್ಲಿ 30 ನಿಮಿಷ ಆಡಿಸಿದರೆ 5.5 ಫೌಲ್, 30 ನಿಮಿಷ ಮುಗಿಯುವ ಮೊದಲೇ ಅವನು ಹೊರಗೆ. ಅಂಥವನನ್ನು ‘ನಮ್ಮ ಸೆಂಟರ್’ ಎಂದು 30 ನಿಮಿಷ ಬರೆದುಕೊಂಡರೆ ನಿಮ್ಮ ಲೆಕ್ಕ ತಪ್ಪುತ್ತದೆ; 18–20 ಬರೆಯಿರಿ, ಉಳಿದ 20 ನಿಮಿಷಕ್ಕೆ ಇನ್ನೊಬ್ಬನನ್ನು ಹುಡುಕಿ. 2025ರ ಚಾಂಪಿಯನ್ ಫ್ಲೋರಿಡಾ ಇದನ್ನು ಚೆನ್ನಾಗಿ ನಿಭಾಯಿಸಿತು. ಅಲೆಕ್ಸ್ ಕಾಂಡನ್, ರೂಬೆನ್ ಚಿನ್ಯೆಲು, ಥಾಮಸ್ ಹಾಗ್, ಮೈಕಾ ಹ್ಯಾಂಡ್‌ಲಾಗ್ಟನ್ ಎಂಬ ನಾಲ್ವರು ಎತ್ತರದವರನ್ನು ಒಬ್ಬರಾದ ಮೇಲೆ ಒಬ್ಬರಂತೆ ಇಳಿಸುತ್ತಿದ್ದುದರಿಂದ ಒಬ್ಬನ ಫೌಲ್ ತಂಡದ ತಲೆನೋವಾಗುತ್ತಿರಲಿಲ್ಲ.

ಇನ್ನು ರಕ್ಷಣೆ. ಎದುರಾಳಿಯ ಗಾರ್ಡ್ ಪಿಕ್ ಬಳಸಿ ಬಂದಾಗ ಎತ್ತರದ ಸೆಂಟರ್ ಸಾಮಾನ್ಯವಾಗಿ ಹಿಂದೆ ಸರಿದು ಬುಟ್ಟಿ ಕಾಯುತ್ತಾನೆ. ಆಗ ಗಾರ್ಡ್‌ಗೆ ಹದಿನೈದು ಅಡಿ ಸುತ್ತಮುತ್ತ ಜಾಗ ಸಿಗುತ್ತದೆ. ಅದನ್ನು ನಿಮ್ಮ ಗಾರ್ಡ್ ಹಿಂದಿನಿಂದ ಬೆನ್ನಟ್ಟಿ ಮುಚ್ಚಬೇಕು. ಬೇರೆ ಕೆಲವು ತಂಡಗಳು ಹಾಗೆ ಮಾಡದೆ ಜೋಡಿ ಬದಲಿಸಿಕೊಳ್ಳುತ್ತವೆ, ಅಂದರೆ ಇಬ್ಬರು ರಕ್ಷಕರು ತಾವು ಕಾಯುವವರನ್ನು ಅದಲುಬದಲು ಮಾಡಿಕೊಳ್ಳುತ್ತಾರೆ. ನಿಮ್ಮ ಉಳಿದ ನಾಲ್ವರು ಜೋಡಿ ಬದಲಿಸಿ ಆಡಿ ಬೆಳೆದವರು, ಸೆಂಟರ್ ಮಾತ್ರ ಹಿಂದೆ ನಿಲ್ಲುವವನು ಎಂದಾದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗುತ್ತದೆ. ಇಬ್ಬರ ನಡುವಿನ ಆ ಒಂದು ಹೆಜ್ಜೆಯ ಗೊಂದಲದಲ್ಲಿ ಎದುರಾಳಿಗೆ ತೆರೆದ ತ್ರೀ ಸಿಗುತ್ತದೆ. ಪುರುಷರ ತ್ರೀ ಗೆರೆ 2019–20ರಿಂದ 22 ಅಡಿ 1¾ ಅಂಗುಲಕ್ಕೆ ಹೋಗಿದೆ, ಕಾಯಬೇಕಾದ ಜಾಗ ಹಿಂದಿಗಿಂತ ದೊಡ್ಡದು. ಸೆಂಟರ್ ಅಲ್ಲಿಗೆ ಓಡಿ ತಲುಪಲಾರ.

ಹಾಗೆಂದು ಅವನನ್ನು ಹಗುರವಾಗಿ ಕಾಣಬೇಡಿ. ಬುಟ್ಟಿ ಕಾಯುವ ಒಬ್ಬನ ಮೇಲೆ ತಂಡ ಎಷ್ಟು ನಿಂತಿರುತ್ತದೆ ಎಂಬುದು ಅವನಿಲ್ಲದಾಗ ಗೊತ್ತಾಗುತ್ತದೆ. 2013ರ ಫೆಬ್ರವರಿಯಲ್ಲಿ ಕೆಂಟಕಿಯ ನರ್ಲೆನ್ಸ್ ನೋಯೆಲ್ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡ. ಪಂದ್ಯಕ್ಕೆ 4ಕ್ಕಿಂತ ಹೆಚ್ಚು ಬ್ಲಾಕ್ (ಎದುರಾಳಿಯ ಎಸೆತವನ್ನು ತಡೆಯುವುದು) ಮಾಡುತ್ತಿದ್ದವನು. ಹಿಂದಿನ ವರ್ಷದ ಚಾಂಪಿಯನ್ ತಂಡ ಅದು. ಮುಖ್ಯ ಟೂರ್ನಿಗೆ ಕರೆಯೇ ಬರಲಿಲ್ಲ, ಎರಡನೇ ದರ್ಜೆಯ ಎನ್‌ಐಟಿಯಲ್ಲೂ ಮೊದಲ ಪಂದ್ಯದಲ್ಲೇ ರಾಬರ್ಟ್ ಮಾರಿಸ್ ಎದುರು 59–57ರಿಂದ ಸೋತಿತು.

ಫ್ರೆಶ್‌ಮನ್‌ಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ದೇಶದ ಮೊದಲ ಹತ್ತು–ಹದಿನೈದು ಹುಡುಗರಲ್ಲಿ ಒಬ್ಬನಾದರೆ ಮೊದಲ ದಿನದಿಂದ ಆಡುತ್ತಾನೆ. ಅದಕ್ಕಿಂತ ಕೆಳಗಿನವರಿಗೆ ಮೊದಲ ವರ್ಷ 8–12 ನಿಮಿಷ ಎಂದುಕೊಂಡರೆ ನಿರಾಶೆಯಾಗುವುದಿಲ್ಲ. 2012ರಲ್ಲಿ ಕೆಂಟಕಿ, 2015ರಲ್ಲಿ ಡ್ಯೂಕ್ ಫ್ರೆಶ್‌ಮನ್‌ಗಳ ಬಲದಿಂದ ಗೆದ್ದದ್ದು ನಿಜ. ಆ ಎರಡು ತಂಡಗಳಲ್ಲೂ ಒಬ್ಬೊಬ್ಬ ಸೀನಿಯರ್ ಇದ್ದ ಎಂಬುದನ್ನು ಮರೆಯಬೇಡಿ: ಡೇರಿಯಸ್ ಮಿಲ್ಲರ್, ಕ್ವಿನ್ ಕುಕ್.

ಹೊರಗಿನಿಂದ ಬಂದವರ ವಿಷಯದಲ್ಲಿ ಅವರು ಯಾವ ಬೇಸಿಗೆಯಲ್ಲಿ ಬಂದರು ಎಂಬುದು ಮುಖ್ಯ. ಫ್ಲೋರಿಡಾದ 2025ರ ಮೂವರು ಗಾರ್ಡ್‌ಗಳನ್ನು ‘ಪೋರ್ಟಲ್ ತಂಡ’ಕ್ಕೆ ಉದಾಹರಣೆಯಾಗಿ ಎಲ್ಲರೂ ತೋರಿಸುತ್ತಾರೆ. ಬೆಲ್ಮಾಂಟ್‌ನಿಂದ ವಿಲ್ ರಿಚರ್ಡ್, ಐಯೋನಾದಿಂದ ವಾಲ್ಟರ್ ಕ್ಲೇಟನ್ ಜೂನಿಯರ್, ಫ್ಲೋರಿಡಾ ಅಟ್ಲಾಂಟಿಕ್‌ನಿಂದ ಅಲೈಜಾ ಮಾರ್ಟಿನ್. ಆದರೆ ರಿಚರ್ಡ್ ಬಂದದ್ದು 2022ರಲ್ಲಿ, ಕ್ಲೇಟನ್ 2023ರಲ್ಲಿ, ಮಾರ್ಟಿನ್ 2024ರಲ್ಲಿ. ವರ್ಷಕ್ಕೊಬ್ಬನನ್ನು ಸೇರಿಸುತ್ತ ಹೋದ ತಂಡ ಅದು, ಒಂದೇ ಬೇಸಿಗೆಯಲ್ಲಿ ಕೊಂಡುತಂದದ್ದಲ್ಲ. ನಿಮ್ಮ ‘ಕಳೆದ ವರ್ಷದ 6 ಮಂದಿ’ಯಲ್ಲಿ ಹೀಗೆ ಹಿಂದಿನ ಬೇಸಿಗೆಗಳಲ್ಲಿ ಬಂದು ನೆಲೆನಿಂತವರು ಎಷ್ಟು ಎಂದು ನೋಡಿ. ನನ್ನ ಮಟ್ಟಿಗೆ ಅಂಥ ಇಬ್ಬರು ಹೊಸ ಐವರಿಗಿಂತ ಹೆಚ್ಚು ಬೆಲೆಯವರು.

ಮಾರ್ಚ್ ತಲುಪುವುದು

2025ರ ಟೂರ್ನಿಯಲ್ಲಿ 68 ತಂಡಗಳಿದ್ದವು. ಅದರಲ್ಲಿ 31 ಜಾಗ ಕಾನ್ಫರೆನ್ಸ್ ಚಾಂಪಿಯನ್ನರಿಗೆ, 37 ಸಮಿತಿ ಆರಿಸಿದವರಿಗೆ. ನಿಮ್ಮದು ಚಿಕ್ಕ ಕಾನ್ಫರೆನ್ಸ್ ಆಗಿದ್ದರೆ ಆ 37ರ ಆಸೆ ಇಟ್ಟುಕೊಳ್ಳಬೇಡಿ. ಮಾರ್ಚಿನಲ್ಲಿ ಕಾನ್ಫರೆನ್ಸ್ ಟೂರ್ನಿ ಗೆಲ್ಲಬೇಕು. ಅಲ್ಲಿ ಸತತ ಮೂರು ಪಂದ್ಯ, ಪ್ರತಿಯೊಂದರಲ್ಲೂ ನಿಮಗೆ 70% ಅವಕಾಶ ಎಂದಿಟ್ಟುಕೊಂಡರೂ ಮೂರೂ ಗೆಲ್ಲುವ ಸಾಧ್ಯತೆ 34%. ನಾಲ್ಕು ಪಂದ್ಯವಾದರೆ 24%. ಅದಕ್ಕೇ ಸೀಸನ್ನಿನಲ್ಲಿ ಮೊದಲೆರಡು ಸ್ಥಾನ ಗಳಿಸಿ ಒಂದು ಸುತ್ತು ಕಡಿಮೆ ಆಡುವುದು ಚಿಕ್ಕ ತಂಡಗಳಿಗೆ ಅಷ್ಟು ಮುಖ್ಯ.

ದೊಡ್ಡ ಕಾನ್ಫರೆನ್ಸ್ ಆಗಿದ್ದರೆ ತಂಡಗಳನ್ನು ಅಳೆಯಲು ಸಮಿತಿ 2018–19ರಿಂದ ಬಳಸುತ್ತಿರುವ ನೆಟ್ ರ‍್ಯಾಂಕಿಂಗ್ ನೋಡಬೇಕು. ಅದರಲ್ಲಿ ಗೆಲುವಿನ ಬೆಲೆ ಎದುರಾಳಿಯ ಸ್ಥಾನದ ಮೇಲೂ ಪಂದ್ಯ ಎಲ್ಲಿ ನಡೆಯಿತು ಎಂಬುದರ ಮೇಲೂ ನಿಂತಿದೆ. ತವರಿನಲ್ಲಿ ಮೊದಲ 30ರೊಳಗಿನ ತಂಡ, ತಟಸ್ಥ ಅಂಕಣದಲ್ಲಿ ಮೊದಲ 50, ಎದುರಾಳಿಯ ಊರಿನಲ್ಲಿ ಮೊದಲ 75 ಎಂದಾದರೆ ಅದು ಮೊದಲ ದರ್ಜೆಯ ಪಂದ್ಯ. ವೇಳಾಪಟ್ಟಿ ಹಿಡಿದು ಅಂಥ ಪಂದ್ಯಗಳು ಎಷ್ಟಿವೆ ಎಂದು ಗುರುತು ಹಾಕಿ. 40ನೇ ಸ್ಥಾನದ ತಂಡವನ್ನು ತವರಿನಲ್ಲಿ ಸೋಲಿಸಿದರೆ ಎರಡನೇ ದರ್ಜೆ, ಅದೇ ತಂಡವನ್ನು ಅವರ ಊರಿನಲ್ಲಿ ಸೋಲಿಸಿದರೆ ಮೊದಲ ದರ್ಜೆ. ನವೆಂಬರಿನಲ್ಲಿ ದುರ್ಬಲರನ್ನು ಕರೆಸಿ ಎಂಟು ಗೆಲುವು ಪೇರಿಸಿದರೆ ದಾಖಲೆ ಚೆನ್ನಾಗಿ ಕಾಣುತ್ತದೆ, ಸಮಿತಿಯ ಮೇಜಿನ ಮೇಲೆ ಅದು ಹಗುರ.

ಕಳೆದ ಸೀಸನ್ನಿನ ಗೆಲುವುಗಳನ್ನೂ ಒಮ್ಮೆ ಬಿಡಿಸಿ ನೋಡಿ. 5 ಪಾಯಿಂಟಿನೊಳಗೆ ಮುಗಿದ ಪಂದ್ಯಗಳಲ್ಲಿ ತಂಡ 8–2 ಇದ್ದರೆ ಅದು ಮರುಕಳಿಸುತ್ತದೆಂದು ಎಣಿಸಬೇಡಿ. ಅಂಥ ಪಂದ್ಯಗಳು ವರ್ಷದಿಂದ ವರ್ಷಕ್ಕೆ ಅರ್ಧಕ್ಕರ್ಧದ ಕಡೆಗೇ ವಾಲುತ್ತವೆ. ಅದೇ ಆಟಗಾರರು ಮರಳಿ ಬಂದರೂ ಎರಡು ಮೂರು ಗೆಲುವು ಕಡಿಮೆಯಾಗಬಹುದು. 2–8 ಇದ್ದರೆ ಇದೇ ಮಾತು ನಿಮ್ಮ ಪರವಾಗಿ ಕೆಲಸ ಮಾಡುತ್ತದೆ. ಒಂದು ಸೋಲನ್ನು ನೋಡಿ ತಂಡವನ್ನು ತಳ್ಳಿಹಾಕಲೂಬಾರದು. 2018ರಲ್ಲಿ ವರ್ಜೀನಿಯಾ, 16ನೇ ಸೀಡ್‌ಗೆ ಸೋತ ಮೊದಲ 1ನೇ ಸೀಡ್ ಆಯಿತು, ಅದೂ 74–54ರಲ್ಲಿ. ಡಿ’ಆಂಡ್ರೆ ಹಂಟರ್ ಗಾಯದಿಂದ ಆಡಿರಲಿಲ್ಲ. ಅವನು, ಕೈಲ್ ಗೈ, ಟೈ ಜೆರೋಮ್ ಮೂವರೂ ಮರಳಿದರು. 2019ರಲ್ಲಿ ಅವರೇ ಚಾಂಪಿಯನ್ನರು.

ನಿಮ್ಮ ನೇರ ಪ್ರಶ್ನೆಗೆ, ಕೊಟ್ಟ ವಿವರದ ಮಟ್ಟಿಗೆ ಹೇಳುವುದಾದರೆ: ಈ ತಂಡಕ್ಕೆ ಹಿಂದಿಗಿಂತ ಹೆಚ್ಚು ಸಾಮಗ್ರಿ ಇದೆ, ಅದನ್ನು ಜೋಡಿಸುವವನು ಯಾರೆಂದು ಪಟ್ಟಿಯಲ್ಲಿ ಕಾಣುತ್ತಿಲ್ಲ. ಉಳಿದ ಆರರಲ್ಲಿ ಚೆಂಡು ಒಯ್ಯಬಲ್ಲ ಗಾರ್ಡ್ ಇದ್ದರೆ, 18 ಪಾಯಿಂಟಿನವನು ಎರಡನೇ ಕೈಯಾಗಿ ನಿಲ್ಲಲು ಒಪ್ಪಿದರೆ, ಸುಧಾರಣೆ ಖಂಡಿತ. ಆ ಹೊಸಬನೇ ಪಾಯಿಂಟ್ ಗಾರ್ಡ್ ಆಗಬೇಕೆಂದರೆ ಡಿಸೆಂಬರಿನವರೆಗೆ ತಂಡ ಮುಗ್ಗರಿಸುತ್ತದೆ, ಫೆಬ್ರವರಿಯಲ್ಲಿ ಚೆನ್ನಾಗಿ ಆಡುತ್ತದೆ, ಆದರೆ ಅಷ್ಟರಲ್ಲಿ ಕಳೆದುಕೊಂಡ ಪಂದ್ಯಗಳು ಮಾರ್ಚಿನಲ್ಲಿ ಕಾಡುತ್ತವೆ.

ಮೊದಲ ಐದಾರು ಪಂದ್ಯಗಳಲ್ಲಿ ಸ್ಕೋರಿಗಿಂತ ಇವನ್ನು ಗಮನಿಸಿ. ಪಂದ್ಯ ಬಿಗಿಯಾಗಿದ್ದಾಗ ಕೊನೆಯ 5 ನಿಮಿಷ ಅಂಕಣದಲ್ಲಿರುವ ಐವರು ಯಾರು? ಕೋಚ್ ನಿಜವಾಗಿ ನಂಬುವುದು ಅವರನ್ನು, ಶುರುವಿನಲ್ಲಿ ಇಳಿದವರನ್ನಲ್ಲ. 7 ಅಡಿಯವನು ಆಗ ಬೆಂಚಿನಲ್ಲಿದ್ದರೆ ರಕ್ಷಣೆಯಲ್ಲಿ ಅವನನ್ನು ಎಳೆದಾಡುತ್ತಿದ್ದಾರೆ ಎಂದು ತಿಳಿಯಿರಿ. ಟರ್ನೋವರ್ 12ರೊಳಗಿದೆಯೇ? ಶೂಟರ್ ಎಷ್ಟು ಹಾಕಿದ ಎನ್ನುವುದನ್ನು ಬಿಡಿ, ಎಷ್ಟು ಎಸೆದ ಎಂದು ಎಣಿಸಿ. ಐದಕ್ಕಿಂತ ಹೆಚ್ಚು ತೆರೆದ ಎಸೆತ ಸಿಗುತ್ತಿದ್ದರೆ ಬುಟ್ಟಿಗಳು ತಾವಾಗಿ ಬರುತ್ತವೆ.

ಈಗ ಒಂದು ಹಾಳೆ ತೆಗೆದುಕೊಂಡು ಒಂಬತ್ತು ಹೆಸರು ಬರೆದು, ಪ್ರತಿಯೊಬ್ಬರ ಮುಂದೆ ನಿಮಿಷ ಹಾಕಿ, ಮೊತ್ತ 200 ಬರುವಂತೆ ಮಾಡಿ. ಆಮೇಲೆ ಒಬ್ಬೊಬ್ಬರನ್ನೇ ಹೊಡೆದುಹಾಕಿ, ಅವನ ನಿಮಿಷ ಯಾರಿಗೆ ಹೋಗುತ್ತದೆ ನೋಡಿ. ಯಾರ ಹೆಸರು ಹೊಡೆದಾಗ ಮುಂದೆ ಬರೆಯಲು ಹೆಸರೇ ಸಿಗುವುದಿಲ್ಲವೋ ತಂಡ ಅಲ್ಲಿ ತೆಳುವಾಗಿದೆ. ಹಾಳೆಯನ್ನು ಜನವರಿ ಮಧ್ಯದವರೆಗೆ ಇಟ್ಟುಕೊಂಡಿದ್ದು, ಕಾನ್ಫರೆನ್ಸಿನ ಮೊದಲ ಐದು ಪಂದ್ಯಗಳ ನಿಜವಾದ ನಿಮಿಷಗಳನ್ನು ಪಕ್ಕದಲ್ಲಿ ಬರೆದು ತಾಳೆ ಹಾಕಿ. ಎಲ್ಲಿ ಹತ್ತಕ್ಕಿಂತ ಹೆಚ್ಚು ನಿಮಿಷದ ವ್ಯತ್ಯಾಸ ಬರುತ್ತದೋ ಆ ಆಟಗಾರನ ಫೌಲ್, ಟರ್ನೋವರ್ ಮತ್ತು ಗಾಯದ ವಿವರವನ್ನು ತೆಗೆದು ನೋಡಿ. ಕಾರಣ ಹೆಚ್ಚಿನ ಸಲ ಆ ಮೂರರಲ್ಲೇ ಸಿಗುತ್ತದೆ.